ಗಿನಿಪಿಗ್ ಮನೆಗೆ ತರುವ ಮುನ್ನ, ತಂದ ಮೇಲೆ: ದಾವಣಗೆರೆ–ಚಿತ್ರದುರ್ಗದವರಿಗೊಂದು ಸಮಗ್ರ ಮಾರ್ಗದರ್ಶಿ

ಅಕ್ವೇರಿಯಂ ಅಂಗಡಿಯ ಬಾಗಿಲಲ್ಲಿ, ಲವ್‌ಬರ್ಡ್ ಪಂಜರಗಳ ಕೆಳಗಿನ ಸಾಲಿನಲ್ಲಿ ಗಿನಿಪಿಗ್ ಮರಿಗಳನ್ನು ಇಟ್ಟಿರುತ್ತಾರೆ. ಮಕ್ಕಳು ನಿಂತು ನೋಡುತ್ತಾರೆ. ಮರಿ ಮೂಗು ಅಲ್ಲಾಡಿಸುತ್ತದೆ. ನಾಯಿಮರಿಯ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ. ಅರ್ಧ ಗಂಟೆಯೊಳಗೆ ರಟ್ಟಿನ ಡಬ್ಬಿಯಲ್ಲಿ ಕುಳಿತು ಅದು ಮನೆ ಸೇರಿರುತ್ತದೆ. ಪಂಜರ ಎಂಥದ್ದು ಬೇಕು, ಏನು ತಿನ್ನಿಸಬೇಕು, ಕಾಯಿಲೆ ಬಿದ್ದರೆ ಯಾರಿಗೆ ತೋರಿಸಬೇಕು ಎಂಬ ಹುಡುಕಾಟ ಆಮೇಲೆ ಶುರುವಾಗುತ್ತದೆ.

ಈ ಕ್ರಮವನ್ನು ತಿರುವಿ ಹಾಕಿ ಎಂಬುದು ನನ್ನ ಒತ್ತಾಯದ ಮಾತು. ಮೊದಲು ವೈದ್ಯರನ್ನು ಹುಡುಕಿ, ಆಮೇಲೆ ಹುಲ್ಲು ಹೊಂದಿಸಿ, ಬಳಿಕ ಅದರ ಮನೆ ಕಟ್ಟಿ, ಪ್ರಾಣಿಯನ್ನು ಕಟ್ಟಕಡೆಗೆ ತನ್ನಿ. ಗಿನಿಪಿಗ್ ಸಾಕುವುದು ಕಷ್ಟವೇನಲ್ಲ, ಆದರೆ ಅದರ ಅಗತ್ಯಗಳಲ್ಲಿ ಕೆಲವಕ್ಕೆ ಒಂದು ದಿನದ ವಿನಾಯಿತಿಯೂ ಇಲ್ಲ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಂತೂ ಸಿದ್ಧತೆ ಇಲ್ಲದೆ ತಂದ ಪ್ರಾಣಿ ಒಂದೇ ಮಧ್ಯಾಹ್ನದಲ್ಲಿ ಕೈತಪ್ಪಿ ಹೋಗಬಹುದು.

ತರುವುದು ಎಂಥ ಪ್ರಾಣಿಯನ್ನು?

ಗಿನಿಪಿಗ್‌ನ ಮೂಲ ನೆಲೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. ಇಂದಿನ ಪೆರು, ಬೊಲಿವಿಯಾ, ಎಕ್ವಡಾರ್ ಇರುವ ಭಾಗದ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಸಾಕಲು ತೊಡಗಿದರು. ಎತ್ತರದ ತಂಪು ಹವೆ, ದಿನವಿಡೀ ಹುಲ್ಲು ಮೇಯುವುದು, ಗುಂಪಿನಲ್ಲಿ ಬದುಕುವುದು, ನೆರಳು ಹಾದರೆ ಸಾಕು ಪೊದೆಯೊಳಗೆ ನುಗ್ಗುವುದು ಅದರ ಹುಟ್ಟುಗುಣ. ಮುಂದೆ ಹೇಳುವ ಬಹುಪಾಲು ನಿಯಮಗಳು ಈ ಗುಣಗಳಿಂದಲೇ ಬಂದವು.

ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700 ಗ್ರಾಂನಿಂದ 1,200 ಗ್ರಾಂ ತೂಗುತ್ತದೆ. ಆಯಸ್ಸು 5ರಿಂದ 8 ವರ್ಷ. ಐದನೇ ತರಗತಿಯ ಮಗುವಿಗೆಂದು ತಂದ ಮರಿ ಆ ಮಗು ಪಿಯುಸಿ ಮುಗಿಸುವ ಹೊತ್ತಿಗೂ ನಿಮ್ಮ ಮನೆಯಲ್ಲಿರಬಹುದು. ಆದ್ದರಿಂದ ಹೊಣೆ ಹೊರಬೇಕಾದವರು ದೊಡ್ಡವರು. ಮಕ್ಕಳು ಕೈಜೋಡಿಸಲಿ, ಹುಲ್ಲು ಹಾಕಲಿ, ತೂಕ ಬರೆದಿಡಲಿ, ಅಷ್ಟು ಸಾಕು. ಅಜ್ಜ, ಅಜ್ಜಿ ಇರುವ ಮನೆಯಾದರೆ ಅವರನ್ನು ಮೊದಲೇ ಒಪ್ಪಿಸಿ. ಹಗಲಿಡೀ ಮನೆಯಲ್ಲಿದ್ದು ಪ್ರಾಣಿಯ ಮೇಲೆ ಕಣ್ಣಿಡುವವರು ಅವರೇ.

ಇನ್ನೊಂದು ಗುಣವನ್ನು ಮನಸ್ಸಿಗೆ ತಂದುಕೊಳ್ಳಲೇಬೇಕು. ಬೇಟೆಗೆ ಬೀಳುವ ಪ್ರಾಣಿಯಾದ್ದರಿಂದ ಇದು ನೋವನ್ನು ಬಚ್ಚಿಡುತ್ತದೆ. ಗುಂಪಿನಲ್ಲಿ ಸೋತವನಂತೆ ಕಂಡರೆ ಹದ್ದಿಗೋ ನರಿಗೋ ಮೊದಲ ತುತ್ತಾಗಬೇಕಾಗುತ್ತದೆ ಎಂಬ ಭಯ ಅದರ ರಕ್ತದಲ್ಲೇ ಇದೆ. ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಸಾಕಷ್ಟು ಮುಂದುವರಿದಿರುತ್ತದೆ. ವೈದ್ಯರನ್ನು ಮೊದಲ ಹೆಜ್ಜೆಯಲ್ಲಿ ಇಟ್ಟದ್ದು ಇದೇ ಕಾರಣಕ್ಕೆ.

ಹೆಜ್ಜೆ 1: ಪ್ರಾಣಿಗಿಂತ ಮೊದಲು ವೈದ್ಯರು

ನಮ್ಮ ಜಿಲ್ಲೆಗಳ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ಹಸು, ಎಮ್ಮೆ, ಕುರಿ, ಮೇಕೆ. ಊರಿನ ಖಾಸಗಿ ಕ್ಲಿನಿಕ್‌ಗಳಿಗೆ ನಾಯಿ, ಬೆಕ್ಕು. ಗಿನಿಪಿಗ್ ನೋಡಿ ಅನುಭವವಿರುವ ವೈದ್ಯರನ್ನು ಹುಡುಕಿಯೇ ಕಂಡುಕೊಳ್ಳಬೇಕು. ಊರಿನ ಎರಡು–ಮೂರು ಕ್ಲಿನಿಕ್‌ಗಳಿಗೆ ಫೋನ್ ಮಾಡಿ ನೇರವಾಗಿ ಕೇಳಿ: "ಡಾಕ್ಟ್ರೇ, ನೀವು ಗಿನಿಪಿಗ್ ನೋಡುತ್ತೀರಾ? ಅದರ ದವಡೆ ಹಲ್ಲು ಪರೀಕ್ಷಿಸಲು ಸಲಕರಣೆ ಇದೆಯೇ? ಆ್ಯಂಟಿಬಯೋಟಿಕ್ ಬೇಕಾದರೆ ಯಾವುದನ್ನು ಕೊಡುತ್ತೀರಿ?" ಮೂರನೆಯ ಪ್ರಶ್ನೆಯ ಉತ್ತರದ ಮೇಲೆ ಪ್ರಾಣಿಯ ಜೀವ ನಿಂತಿದೆ. ಮನುಷ್ಯರಿಗೂ ನಾಯಿಗೂ ಸಲೀಸಾಗಿ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಗಳನ್ನು ಗಿನಿಪಿಗ್‌ಗೆ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಗುಳುವ ಬ್ಯಾಕ್ಟೀರಿಯಾ ತುಂಬಿಕೊಂಡು ಪ್ರಾಣಿಯೇ ಸಾಯಬಹುದು. ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್‌ಗಳೂ ಅಪಾಯವೇ. ಇದನ್ನು ಬಲ್ಲ ವೈದ್ಯರು ಪ್ರಶ್ನೆ ಕೇಳಿದ ಕೂಡಲೇ ಈ ಹೆಸರುಗಳನ್ನು ತಾವಾಗಿಯೇ ಹೇಳುತ್ತಾರೆ.

ಊರಿನಲ್ಲಿ ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮಗೆ ಹತ್ತಿರ. ಚಿತ್ರದುರ್ಗದವರಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ದಾರಿಯೂ ಇದೆ. ಎಲ್ಲಿಗೆ ಹೋಗುವುದಾದರೂ ಫೋನ್ ಸಂಖ್ಯೆ, ಹೊರರೋಗಿ ವಿಭಾಗದ ಸಮಯ, ಭಾನುವಾರದ ವ್ಯವಸ್ಥೆ ಇವನ್ನು ಬರೆದು ಗೋಡೆಗೆ ಅಂಟಿಸಿ. ಇಷ್ಟು ಆಗುವವರೆಗೆ ಅಂಗಡಿಯ ಕಡೆ ಹೋಗಬೇಡಿ.

ಹೆಜ್ಜೆ 2: ಹುಲ್ಲು, ಸೊಪ್ಪು, ನೀರು

ಗಿನಿಪಿಗ್‌ನ ಬಾಯಲ್ಲಿ 20 ಹಲ್ಲುಗಳಿವೆ. ಮುಂದಿನವಷ್ಟೇ ಅಲ್ಲ, ಒಳಗಿನ ದವಡೆ ಹಲ್ಲುಗಳೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ನಾರಿರುವ ಒಣಹುಲ್ಲನ್ನು ಗಂಟೆಗಟ್ಟಲೆ ಅರೆದರೆ ಮಾತ್ರ ಅವು ಸವೆಯುತ್ತವೆ. ಹುಲ್ಲು ಕಡಿಮೆಯಾದರೆ ಹಲ್ಲು ಉದ್ದವಾಗಿ ಬಾಗಿ ನಾಲಿಗೆಯನ್ನು ಸಿಕ್ಕಿಸಿಕೊಳ್ಳುತ್ತದೆ. ಆಗ ಪ್ರಾಣಿ ತಟ್ಟೆಯ ಮುಂದೆ ಕುಳಿತೇ ಹಸಿದು ಸಾಯುತ್ತದೆ. ಕರುಳು ಸರಾಗ ಓಡುವುದಕ್ಕೂ ಹುಲ್ಲಿನ ನಾರೇ ಬೇಕು. ಹೀಗಾಗಿ ಆಹಾರದ ಮುಕ್ಕಾಲಿಗಿಂತ ಹೆಚ್ಚು ಪಾಲು ಒಣಹುಲ್ಲಾಗಿರಬೇಕು, ಅದು ಹಗಲೂ ರಾತ್ರಿಯೂ ಪಂಜರದಲ್ಲಿ ಖಾಲಿಯಾಗದಂತೆ ಇರಬೇಕು.

ಆನ್‌ಲೈನ್‌ನಲ್ಲಿ ಟಿಮೋಥಿ ಹುಲ್ಲು ಸಿಗುತ್ತದೆ. ಉತ್ತಮ ಹುಲ್ಲು, ಆದರೆ ಬೆಲೆ ದುಬಾರಿ. ಅದನ್ನೇ ಪೂರ್ತಿ ನಂಬಿದರೆ ಕೊರಿಯರ್ ಒಂದು ವಾರ ತಡವಾದಾಗ ಕೈಕಾಲು ಬಿಡಬೇಕಾಗುತ್ತದೆ. ನಮ್ಮ ಸೀಮೆಯಲ್ಲಿ ಅದರ ಜೊತೆಗೆ ನಿಲ್ಲಬಲ್ಲದ್ದು ಗರಿಕೆ. ಔಷಧ ಸಿಂಪಡಿಸದ, ನಾಯಿಗಳು ಓಡಾಡದ ಜಾಗದ ಗರಿಕೆಯನ್ನು ಕೊಯ್ದು, ತೊಳೆದು, ಅರ್ಧವನ್ನು ಹಸಿಯಾಗಿಯೇ ಕೊಡಿ. ಉಳಿದದ್ದನ್ನು ತಾರಸಿಯ ಮೇಲೆ ನೆರಳಿನಲ್ಲಿ ತೆಳ್ಳಗೆ ಹರಡಿ. ನಮ್ಮ ಒಣಹವೆಗೆ ಅದು ಬೇಗ ಒಣಗುತ್ತದೆ. ಹಸಿರು ಬಣ್ಣ ಉಳಿದು, ಮುಷ್ಟಿಯಲ್ಲಿ ಹಿಡಿದರೆ ಗರಗರ ಎನ್ನುವಂತಾದಾಗ ಗೋಣಿಚೀಲಕ್ಕೆ ತುಂಬಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಾಸನೆ ಬಂದ ಹುಲ್ಲನ್ನು ಒಂದು ಹಿಡಿಯೂ ಹಾಕಬೇಡಿ. ಗಣೇಶನ ಹಬ್ಬದ ಆಸುಪಾಸಿನಲ್ಲಿ ಮಾರುಕಟ್ಟೆಗೆ ಹೇರಳವಾಗಿ ಗರಿಕೆ ಬರುತ್ತದೆ. ಎಲ್ಲಿ ಬೆಳೆದದ್ದು ಎಂದು ಹೂವಿನವರನ್ನು ಕೇಳಿ ತಿಳಿದುಕೊಂಡು, ಚೆನ್ನಾಗಿ ತೊಳೆದ ಮೇಲೆಯೇ ಬಳಸಿ. ಹೈನುಗಾರರ ಬಳಿ ಸಿಗುವ ಗಿನಿ ಹುಲ್ಲು, ನೇಪಿಯರ್ ಹುಲ್ಲುಗಳನ್ನೂ ಎಳೆಯದಾಗಿರುವಾಗ ಸಣ್ಣಗೆ ಕತ್ತರಿಸಿ ಕೊಡಬಹುದು.

ಸುತ್ತಲೂ ಸಿಗುತ್ತದೆಂದು ಎಲ್ಲ ಮೇವನ್ನೂ ಹಾಕುವಂತಿಲ್ಲ. ದಾವಣಗೆರೆ ಮೆಕ್ಕೆಜೋಳದ ನಾಡು. ಎಳೆಯ ಗರಿ, ತೆನೆಯ ಸಿಪ್ಪೆ, ರೇಷ್ಮೆಯಂಥ ಕೂದಲು ಇವನ್ನು ಗಿನಿಪಿಗ್ ಆಸೆಪಟ್ಟು ತಿನ್ನುತ್ತದೆ. ಆದರೆ ಸೈನಿಕ ಹುಳುವಿಗೆಂದು ಗಿಡದ ಸುಳಿಗೆ ಕೀಟನಾಶಕ ಹೊಡೆಯುವುದು ಈಗ ಸಾಮಾನ್ಯ. ಹೊಲ ನಿಮ್ಮದೇ ಆಗಿದ್ದು, ಏನು ಹೊಡೆದಿದೆ ಎಂದು ಗೊತ್ತಿದ್ದರೆ ಮಾತ್ರ ಕೊಡಿ. ಭದ್ರಾ ನಾಲೆಯ ಕಡೆ ರಾಶಿ ರಾಶಿ ಸಿಗುವ ಭತ್ತದ ಹುಲ್ಲು ಒರಟು, ಸತ್ವ ಕಡಿಮೆ, ಮುಖ್ಯ ಆಹಾರಕ್ಕೆ ಒಗ್ಗುವುದಿಲ್ಲ. ಚಳ್ಳಕೆರೆ ಕಡೆಯವರ ಕೈಗೆ ಸುಲಭವಾಗಿ ಸಿಗುವ ಶೇಂಗಾ ಬಳ್ಳಿ ದ್ವಿದಳ ಮೇವು. ಕ್ಯಾಲ್ಸಿಯಂ ಹೆಚ್ಚು, ಬೂಷ್ಟಿನ ಭಯವೂ ಇದೆ. ಅದು ಕುರಿಗೇ ಇರಲಿ. ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಆರು ತಿಂಗಳೊಳಗಿನ ಮರಿಗಳಿಗೂ ಗಬ್ಬದ ಹೆಣ್ಣಿಗೂ ಒಳ್ಳೆಯದು. ಬೆಳೆದವಕ್ಕೆ ದಿನವೂ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು.

ಇನ್ನು ಸಿ ವಿಟಮಿನ್. ಮನುಷ್ಯರಂತೆ ಗಿನಿಪಿಗ್ ಕೂಡ ಅದನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿನಿಂದಲೇ ಸಿಗಬೇಕು, ಗಬ್ಬವಾದಾಗ, ಕಾಯಿಲೆ ಬಿದ್ದಾಗ ಹೆಚ್ಚಿನ ಅಂಚಿನ ಪ್ರಮಾಣ ಬೇಕು. ಕೆಲವೇ ವಾರ ಕೊರತೆಯಾದರೂ ಸ್ಕರ್ವಿ ಕಾಣಿಸಿಕೊಳ್ಳುತ್ತದೆ: ಕೀಲು ಊದಿ ಕುಂಟುತ್ತದೆ, ರೋಮ ಒರಟಾಗುತ್ತದೆ, ಒಸಡಿನಲ್ಲಿ ರಕ್ತ ಒಸರುತ್ತದೆ, ಎತ್ತಿದರೆ ನೋವಿಗೆ ಕೂಗುತ್ತದೆ. ಪರಿಹಾರ ತರಕಾರಿ ಬುಟ್ಟಿಯಲ್ಲೇ ಇದೆ. ಪ್ರತಿದಿನ ಒಂದೊಂದಕ್ಕೂ ಎರಡು ಬೆರಳಗಲದ ದೊಣ್ಣೆ ಮೆಣಸಿನಕಾಯಿಯ ಹೋಳು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಕೊಟ್ಟರೆ ಬಹುಮಟ್ಟಿಗೆ ಆಯಿತು. ಪೇರಲ ಹಣ್ಣಿನಲ್ಲಿ ಸಿ ವಿಟಮಿನ್ ಹೇರಳ, ಆದರೆ ಸಕ್ಕರೆಯೂ ಇರುವುದರಿಂದ ವಾರಕ್ಕೆ ಒಂದೆರಡು ಸಲ ತೆಳು ಹೋಳು ಸಾಕು. ನೆಲ್ಲಿಕಾಯಿಯ ಚೂರನ್ನು ಕೆಲವು ತಿನ್ನುತ್ತವೆ, ಕೆಲವು ಮೂಸಿ ಬಿಟ್ಟುಬಿಡುತ್ತವೆ. ವಿಟಮಿನ್ ಹನಿಗಳನ್ನು ನೀರಿನ ಬಾಟಲಿಗೆ ಬೆರೆಸಿ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಬೆಳಕಿಗೆ ಅದು ಬೇಗ ಕೆಡುತ್ತದೆ, ರುಚಿ ಬದಲಾಗಿ ಪ್ರಾಣಿ ನೀರನ್ನೇ ಬಿಡಬಹುದು.

ಸೌತೆಕಾಯಿ, ಸಬ್ಬಸಿಗೆ, ಪುದೀನ, ಸ್ವಲ್ಪ ಕ್ಯಾರೆಟ್ ಬದಲಾಯಿಸುತ್ತಾ ಕೊಡಬಹುದು. ಪಾಲಕ್, ಹರಿವೆ, ನುಗ್ಗೆ ಸೊಪ್ಪು ಅಪರೂಪಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಟೊಮೆಟೊ ಗಿಡದ ಎಲೆ, ಬೆಣ್ಣೆಹಣ್ಣು ಬೇಡವೇ ಬೇಡ. ಅನ್ನ, ರೊಟ್ಟಿ, ಬಿಸ್ಕತ್ತು, ಹಾಲು, ಮೊಸರು ಯಾವುದೂ ಇದರ ಆಹಾರವಲ್ಲ. ನಮ್ಮೂರಲ್ಲಿ ಒಂದನ್ನು ಒತ್ತಿ ಹೇಳಬೇಕು: ಮಂಡಕ್ಕಿ. ಮನೆಗೆ ಬಂದ ಮಕ್ಕಳು ಪ್ರೀತಿಯಿಂದ ನಾಲ್ಕು ಕಾಳು ಮಂಡಕ್ಕಿ ಹಾಕುತ್ತಾರೆ, ಪ್ರಾಣಿ ತಿಂದೂ ಬಿಡುತ್ತದೆ. ಉಪ್ಪು, ಪಿಷ್ಟ ಬಿಟ್ಟರೆ ಅದರಲ್ಲಿ ಗಿನಿಪಿಗ್‌ಗೆ ಬೇಕಾದದ್ದು ಏನೂ ಇಲ್ಲ, ಕರುಳು ಕೆಡುತ್ತದೆ. ಪಂಜರದ ಪಕ್ಕ ಒಂದು ಡಬ್ಬಿಯಲ್ಲಿ ಕತ್ತರಿಸಿದ ಗರಿಕೆ ಇಟ್ಟುಬಿಡಿ. ಮಕ್ಕಳ ಕೈಗೆ ಹಾಕಲು ಏನಾದರೂ ಸಿಕ್ಕಿದರೆ ಮಂಡಕ್ಕಿಯ ನೆನಪಾಗುವುದಿಲ್ಲ.

ಗಿನಿಪಿಗ್‌ಗೆಂದೇ ತಯಾರಿಸಿದ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಬೆಳೆದ ಒಂದಕ್ಕೆ ದಿನಕ್ಕೆ ಒಂದರಿಂದ ಎರಡು ದೊಡ್ಡ ಚಮಚದವರೆಗೆ ಸಾಕು. ಮೊಲದ ಪೆಲೆಟ್‌ನಲ್ಲಿ ಸಿ ವಿಟಮಿನ್ ಬೆರೆಸಿರುವುದಿಲ್ಲ. ಬಣ್ಣಬಣ್ಣದ ಕಾಳು, ಬೀಜ ಬೆರೆಸಿದ ಪೊಟ್ಟಣ ಬೇಡ. ತಯಾರಾದ ದಿನಾಂಕ ನೋಡಿ ಚಿಕ್ಕ ಪೊಟ್ಟಣವನ್ನೇ ಕೊಳ್ಳಿ, ಏಕೆಂದರೆ ಇಟ್ಟಷ್ಟೂ ಅದರ ವಿಟಮಿನ್ ಕುಗ್ಗುತ್ತದೆ.

ನೀರಿನ ಬಗ್ಗೆ ಒಂದು ಮಾತು. ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಕುಕ್ಕರ್ ತಳದಲ್ಲಿ ಕೂರುವ ಬಿಳಿ ಪದರ ಅದಕ್ಕೆ ಸಾಕ್ಷಿ. ಕಲ್ಲು ಕಟ್ಟುವ ಸ್ವಭಾವದ ಪ್ರಾಣಿಗೆ ಅದನ್ನು ಕೊಡುವ ಬದಲು ಮನೆಯವರು ಕುಡಿಯುವ ಶುದ್ಧ ನೀರನ್ನೇ ಕೊಡಿ. ತೊಟ್ಟಿಕ್ಕುವ ಬಾಟಲಿಯ ಜೊತೆಗೆ ಉರುಳದಂಥ ಭಾರದ ಪಿಂಗಾಣಿ ಬಟ್ಟಲನ್ನೂ ಇಡಿ. ಬಾಟಲಿಯ ಗುಂಡು ಸಿಕ್ಕಿಕೊಂಡು ನೀರು ನಿಂತರೆ ಬೇಸಿಗೆಯಲ್ಲಿ ಸಂಜೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಹೆಜ್ಜೆ 3: ಮನೆಯೊಳಗೊಂದು ಮನೆ

ಅಂಗಡಿಯಲ್ಲಿ ಗಿನಿಪಿಗ್ ಜೊತೆಗೆ ಕೊಡುವ ಪುಟ್ಟ ಪಂಜರ ಆಸ್ಪತ್ರೆಗೆ ಒಯ್ಯಲು ಸರಿ, ವಾಸಕ್ಕಲ್ಲ. ಎರಡು ಪ್ರಾಣಿಗಳಿಗೆ ಕನಿಷ್ಠ 4 ಅಡಿ ಉದ್ದ, 2 ಅಡಿ ಅಗಲದ ನೆಲ ಬೇಕು. ಗಂಡುಗಳಾದರೆ ಇನ್ನೂ ಒಂದಡಿ ಹೆಚ್ಚಿರಲಿ. ಇವು ಹತ್ತುವ ಪ್ರಾಣಿಗಳಲ್ಲ, ಓಡುವ ಪ್ರಾಣಿಗಳು. ಆದ್ದರಿಂದ ಅಂತಸ್ತಿಗಿಂತ ನೆಲದ ವಿಸ್ತಾರ ಮುಖ್ಯ. ಬಡಗಿಯವರಿಗೆ ಹೇಳಿ ಒಂದೂಕಾಲು ಅಡಿ ಎತ್ತರದ ಮರದ ಚೌಕಟ್ಟು ಮಾಡಿಸಿ, ಹಾರ್ಡ್‌ವೇರ್ ಅಂಗಡಿಯ ವೆಲ್ಡೆಡ್ ಜಾಲರಿಯನ್ನು ಮೇಲ್ಮುಚ್ಚಳಕ್ಕೆ ಹಾಕಿಸಿದರೆ ಕಡಿಮೆ ಖರ್ಚಿನಲ್ಲಿ ಗಟ್ಟಿ ಮನೆ ಸಿದ್ಧ. ಜಾಲರಿ ಮುಚ್ಚಳಕ್ಕಷ್ಟೇ ಇರಲಿ, ನೆಲಕ್ಕೆ ಬೇಡ. ಕಂಬಿಯ ನೆಲದ ಮೇಲೆ ನಿಂತರೆ ಅಂಗಾಲು ಹುಣ್ಣಾಗುತ್ತದೆ, ಆ ಹುಣ್ಣು ವಾಸಿಯಾಗುವುದು ತುಂಬ ಕಷ್ಟ. ಮುಚ್ಚಳ ಇರಲೇಬೇಕು: ಬೆಕ್ಕು, ಹೆಗ್ಗಣ, ಹಳೆಯ ಮನೆಗಳಲ್ಲಿ ಹಾವು. ಕೆಂಪಿರುವೆ ಬರುವ ಮನೆಯಾದರೆ ಚೌಕಟ್ಟಿಗೆ ಕಾಲು ಕೊಡಿಸಿ, ಕಾಲಿನ ಕೆಳಗೆ ನೀರಿನ ಬಟ್ಟಲಿಡಿ.

ಹಾಸಿಗೆಗೆ ಕೆಳಗೆ ದಿನಪತ್ರಿಕೆಯ ಪದರ, ಅದರ ಮೇಲೆ ನೀರು ಹೀರುವ ಹಳೆಯ ಟವೆಲ್, ಎಲ್ಲಕ್ಕಿಂತ ಮೇಲೆ ಫ್ಲೀಸ್ ಬಟ್ಟೆ. ಫ್ಲೀಸ್ ಮೂತ್ರವನ್ನು ಕೆಳಗಿಳಿಸಿ ತಾನು ಒಣಗಿರುತ್ತದೆ. ಬೆಳಿಗ್ಗೆ ಹಿಕ್ಕೆಯನ್ನು ಗುಡಿಸಿ, ಮೂರು–ನಾಲ್ಕು ದಿನಕ್ಕೊಮ್ಮೆ ಬಟ್ಟೆ ಬದಲಿಸಿ. ಅಕ್ಕಿ ಗಿರಣಿಯ ಭತ್ತದ ಹೊಟ್ಟು, ಸಾಮಿಲ್‌ನ ಮರದ ಹೊಟ್ಟು ಎರಡೂ ಪುಕ್ಕಟೆಯಾಗಿ ಸಿಗುತ್ತವೆ, ಎರಡೂ ಬೇಡ. ಭತ್ತದ ಹೊಟ್ಟಿನ ಮೊನೆ ಕಣ್ಣಿಗೆ ಚುಚ್ಚುತ್ತದೆ, ಮರದ ಹೊಟ್ಟಿನ ಧೂಳು ಶ್ವಾಸಕೋಶಕ್ಕೆ ಇಳಿಯುತ್ತದೆ.

ಅಡಗಲು ಒಂದೊಂದಕ್ಕೂ ಪ್ರತ್ಯೇಕ ತಾಣ ಬೇಕು, ಸಾಧ್ಯವಾದರೆ ಎರಡು ಬಾಗಿಲಿನದ್ದು. ಕುಂಬಾರರಲ್ಲಿ ಬಾಯಗಲದ ಮಣ್ಣಿನ ಗಡಿಗೆ ಕೊಂಡು ಅಡ್ಡ ಮಲಗಿಸಿ, ಉರುಳದಂತೆ ಎರಡು ಕಡೆ ಒತ್ತು ಕೊಡಿ. ಗಡಿಗೆಯ ಹೊರಮೈಗೆ ನೀರು ಚಿಮುಕಿಸಿದರೆ ಒಳಗೆ ತಂಪು ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯ ಬೇಸಿಗೆ ಗೂಡನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ಹೆಜ್ಜೆ 4: ಬಿಸಿಲಿನ ಲೆಕ್ಕಾಚಾರ

ಗಿನಿಪಿಗ್‌ಗೆ ಹಿತವಾದ ಉಷ್ಣತೆ 18ರಿಂದ 24 ಡಿಗ್ರಿ ಸೆಲ್ಸಿಯಸ್. 30 ದಾಟಿದರೆ ಅಪಾಯ. ಮಾರ್ಚ್‌ನಿಂದ ಮೇವರೆಗೆ ನಮ್ಮ ಹಗಲು ಎಷ್ಟಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಇದಕ್ಕೆ ಬೆವರುವ ಶಕ್ತಿಯಿಲ್ಲ, ನಾಯಿಯಂತೆ ನಾಲಿಗೆ ಚಾಚಿ ಮೈ ತಂಪು ಮಾಡಿಕೊಳ್ಳುವುದೂ ಬರುವುದಿಲ್ಲ. ಆದ್ದರಿಂದ ಹೊಸ ಗಿನಿಪಿಗ್ ತರಲು ಸರಿಯಾದ ಕಾಲ ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲೆ, ನವೆಂಬರ್‌ನಿಂದ ಜನವರಿಯವರೆಗೆ. ಬೇಸಿಗೆ ಬರುವಷ್ಟರಲ್ಲಿ ಅದು ಮನೆಗೆ ಒಗ್ಗಿರುತ್ತದೆ, ನಿಮಗೂ ಅದರ ಚರ್ಯೆ ಗೊತ್ತಾಗಿರುತ್ತದೆ.

ಪಂಜರಕ್ಕೆ ನೆಲಮಹಡಿಯ ಉತ್ತರ ಅಥವಾ ಪೂರ್ವದ ಕೋಣೆ ಆರಿಸಿ. ಆರ್‌ಸಿಸಿ ತಾರಸಿಯ ಕೆಳಗಿನ ಮೇಲ್ಮಹಡಿ, ತಗಡಿನ ಶೆಡ್ಡು, ಬಾಲ್ಕನಿ ಬೇಡ. ತಗಡು ಮಧ್ಯಾಹ್ನ ಎರಡು ಗಂಟೆಗೆ ಕಾವಲಿಯಾಗಿರುತ್ತದೆ. ಗೋಡೆಗೊಂದು ಚಿಕ್ಕ ಥರ್ಮಾಮೀಟರ್ ತೂಗುಹಾಕಿ. ನಮಗೆ ಸೆಖೆ ಎನಿಸುವುದಕ್ಕೆ ಮೊದಲೇ ಅದಕ್ಕೆ ಸಂಕಟವಾಗಿರುತ್ತದೆ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹಾಕುವುದು, ಪಂಜರದ ಒಂದು ಮೂಲೆಯಲ್ಲಿ ಟೈಲ್ಸ್ ಅಥವಾ ಕಡಪ ಕಲ್ಲಿನ ತುಂಡು ಇಡುವುದು, ಫ್ರೀಜರ್‌ನಲ್ಲಿ ನೀರಿನ ಬಾಟಲಿ ಗಡ್ಡೆ ಕಟ್ಟಿಸಿ ಬಟ್ಟೆ ಸುತ್ತಿ ಬದಿಯಲ್ಲಿ ಮಲಗಿಸುವುದು, ಇವು ಕರೆಂಟ್ ಹೋದಾಗಲೂ ಕೆಲಸ ಮಾಡುತ್ತವೆ. ಬಾಟಲಿಗಳು ಎರಡು ಜೊತೆ ಇರಲಿ: ಒಂದು ಜೊತೆ ಕರಗುತ್ತಿರುವಾಗ ಇನ್ನೊಂದು ಫ್ರೀಜರ್‌ನಲ್ಲಿ. ಫ್ಯಾನ್, ಕೂಲರ್ ಗಾಳಿ ನೇರವಾಗಿ ಮೈಗೆ ಬಡಿಯಬಾರದು. ಕೂಲರ್ ಹಾಕಿದರೆ ಕಿಟಕಿ ತೆರೆದಿರಲಿ, ಇಲ್ಲವಾದರೆ ಕೋಣೆ ತೇವದಿಂದ ತುಂಬಿಕೊಳ್ಳುತ್ತದೆ.

ಕೈಕಾಲು ಚಾಚಿ ಬಿದ್ದುಕೊಂಡು, ಏದುಸಿರು ಬಿಡುತ್ತಾ, ಜೊಲ್ಲು ಸುರಿಸುತ್ತಿದ್ದರೆ ಅದು ಬಿಸಿಲಿನ ಆಘಾತ. ಕೂಡಲೇ ತಂಪು ಜಾಗಕ್ಕೆ ಒಯ್ದು, ಸಾಧಾರಣ ತಂಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿ, ಪಾದಗಳನ್ನು ಒರೆಸುತ್ತಾ ವೈದ್ಯರ ಬಳಿಗೆ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಹೆಜ್ಜೆ 5: ಯಾವುದನ್ನು ತರಬೇಕು, ಎಷ್ಟು ತರಬೇಕು

ಒಂಟಿಯಾಗಿ ತರಬೇಡಿ. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಗಿನಿಪಿಗ್ ಒಂಟಿಯಾಗಿ ಸಾಕುವಂತಿಲ್ಲ ಎಂಬ ಕಾನೂನೇ ಇದೆ. ನಾವು ಎಷ್ಟೇ ಮುದ್ದಿಸಿದರೂ ರಾತ್ರಿಯಿಡೀ ಅದರ ಭಾಷೆಯಲ್ಲಿ ಮಾತಾಡಲಾರೆವು. ಮೊಲವನ್ನು ಜೊತೆಗಿಡುವುದು ಪರಿಹಾರವಲ್ಲ: ಮೊಲದ ಹಿಂಗಾಲಿನ ಒದೆತಕ್ಕೆ ಬೆನ್ನು ಮುರಿಯಬಹುದು, ಮೊಲಕ್ಕೆ ಏನೂ ಮಾಡದ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರಬಹುದು.

"ಮೇಡಂ, ಗಂಡು–ಹೆಣ್ಣು ಜೋಡಿ ಕೊಡುತ್ತೇನೆ, ಮರಿಯೂ ಆಗುತ್ತವೆ" ಎಂದು ಅಂಗಡಿಯವರು ಉತ್ಸಾಹದಿಂದ ಹೇಳುತ್ತಾರೆ. ಬೇಡವೆನ್ನಿ. ಗಬ್ಬದ ಅವಧಿ 59ರಿಂದ 72 ದಿನ. ಈದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗಬ್ಬವಾಗಬಲ್ಲದು, ಗಂಡು ಮರಿ ಮೂರು ವಾರಕ್ಕೇ ಪ್ರಾಯಕ್ಕೆ ಬರುತ್ತದೆ. ಆರೇಳು ತಿಂಗಳು ದಾಟಿದ ಹೆಣ್ಣಿಗೆ ಅದು ಮೊದಲ ಗಬ್ಬವಾದರೆ ಸೊಂಟದ ಮೂಳೆಯ ಕೀಲು ಅಷ್ಟರಲ್ಲಿ ಬೆಸೆದುಕೊಂಡಿದ್ದು, ಹೆರಿಗೆಯಲ್ಲೇ ಸಾಯುವ ಭಯವಿದೆ. ಎರಡು ಹೆಣ್ಣು, ಅಥವಾ ಒಟ್ಟಿಗೆ ಬೆಳೆದ ಎರಡು ಗಂಡು ಮರಿಗಳು ನಮಗೆ ಸರಿ.

ಲಿಂಗವನ್ನು ನೀವೇ ನೋಡಿ, ಅಂಗಡಿಯಲ್ಲಿ ತಪ್ಪಾಗುವುದು ತೀರಾ ಸಾಮಾನ್ಯ. ಮರಿಯ ಬೆನ್ನನ್ನು ನಿಮ್ಮ ಎದೆಗೆ ಒರಗಿಸಿ, ಹಿಂಭಾಗಕ್ಕೆ ಅಂಗೈ ಕೊಟ್ಟು ಹಿಡಿಯಿರಿ. ಹೆಣ್ಣಿನಲ್ಲಿ ಕವಲೊಡೆದ ಗೆರೆ ಕಾಣುತ್ತದೆ. ಗಂಡಿನಲ್ಲಿ ದುಂಡನೆಯ ಚುಕ್ಕೆ, ಅದರ ತುಸು ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಶಿಶ್ನ ಹೊರಗೆ ಬರುತ್ತದೆ. ಹಾಗೆಯೇ ಹಿಡಿದುಕೊಂಡು ಉಳಿದದ್ದನ್ನೂ ಪರೀಕ್ಷಿಸಿ. ಕಣ್ಣು ಹೊಳೆಯಬೇಕು, ಮೂಲೆಯಲ್ಲಿ ಹಕ್ಕಳೆ ಇರಬಾರದು. ಮೂಗು ಒಣಗಿರಬೇಕು. ಕಿವಿಗೆ ಹತ್ತಿರ ಹಿಡಿದು ಉಸಿರು ಆಲಿಸಿ: ಕಟಕಟ ಸದ್ದು ಬಂದರೆ ವಾಪಸು ಕೊಡಿ. ಮುಂಗಾಲಿನ ಒಳಬದಿಯ ರೋಮ ಅಂಟಂಟಾಗಿದ್ದರೆ ಅದು ಮೂಗು ಒರೆಸಿಕೊಳ್ಳುತ್ತಿದೆ ಎಂದರ್ಥ. ರೋಮವನ್ನು ಊದಿ ಬೇರ್ಪಡಿಸಿ ಚರ್ಮ ನೋಡಿ. ಹೊಟ್ಟು, ದುಂಡನೆಯ ಬೋಳು, ತುರಿಸಿದ ಗಾಯ ಇದ್ದರೆ ಹೇನು, ನುಸಿ ಅಥವಾ ಹುಳುಕಡ್ಡಿ. ಹುಳುಕಡ್ಡಿ ಮಕ್ಕಳಿಗೂ ಅಂಟುತ್ತದೆ. ಹಿಂಭಾಗ ಒಣಗಿ ಸ್ವಚ್ಛವಾಗಿರಬೇಕು. ಬೆನ್ನೆಲುಬು ಬೆರಳಿಗೆ ಚುಚ್ಚುವಂತಿರಬಾರದು.

2018ರ ಸಾಕುಪ್ರಾಣಿ ಅಂಗಡಿಗಳ ನಿಯಮಗಳಡಿ ಇಂಥ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಇದಕ್ಕಿಂತ ಮೊದಲು ಪರಿಚಯದವರಲ್ಲಿ ಸಾಕಲಾಗದೆ ಕೊಡಲು ಸಿದ್ಧರಿರುವವರು ಇದ್ದಾರೆಯೇ ಎಂದು ವಿಚಾರಿಸಿ. ದೊಡ್ಡದಾದ ಗಿನಿಪಿಗ್ ಮನುಷ್ಯರಿಗೆ ಹೊಂದಿಕೊಳ್ಳುವುದಿಲ್ಲ ಎಂಬುದು ಸುಳ್ಳು.

ಹೆಜ್ಜೆ 6: ದಾರಿ, ಮೊದಲ ರಾತ್ರಿ, ಮೊದಲ ವಾರ

ಬೆಳಗಿನ ತಂಪಿನಲ್ಲಿ ತನ್ನಿ. ಗಾಳಿಗೆ ತೂತು ಮಾಡಿದ ಗಟ್ಟಿ ಡಬ್ಬಿ, ಒಳಗೆ ಟವೆಲ್, ಧಾರಾಳ ಹುಲ್ಲು, ನೀರಿನ ಬದಲು ಸೌತೆಕಾಯಿ ಹೋಳು. ಬೆಂಗಳೂರಿನಿಂದ ತರುವುದಾದರೆ ರಾತ್ರಿಯ ಅಥವಾ ನಸುಕಿನ ಪ್ರಯಾಣ ಒಳ್ಳೆಯದು, ಡಬ್ಬಿ ಲಗೇಜಿನಲ್ಲಿರದೆ ನಿಮ್ಮ ತೊಡೆಯ ಮೇಲಿರಲಿ. ಅಂಗಡಿಯಲ್ಲಿ ಏನು ತಿನ್ನಿಸುತ್ತಿದ್ದರೋ ಅದನ್ನು ಎರಡು ದಿನಕ್ಕಾಗುವಷ್ಟು ಕೇಳಿ ತನ್ನಿ. ಆಹಾರ ಒಮ್ಮೆಲೇ ಬದಲಾದರೆ ಭೇದಿಯಾಗುತ್ತದೆ. ಹೊಸ ಸೊಪ್ಪನ್ನು ಒಂದೊಂದಾಗಿ ಪರಿಚಯಿಸಿ.

ಮನೆಗೆ ಬಂದ ದಿನ ಡಬ್ಬಿಯನ್ನು ಪಂಜರದೊಳಗೇ ಇಟ್ಟು ಬಾಯಿ ತೆರೆದು ಸರಿದುಬಿಡಿ. ಅದು ಗಡಿಗೆಯೊಳಗೆ ನುಗ್ಗಿ ಕದಲದೆ ಕೂರುತ್ತದೆ. ಬಿಡಿ. ನೆರೆಮನೆಯ ಮಕ್ಕಳಿಗೆ ತೋರಿಸುವುದು ಮುಂದಿನ ವಾರಕ್ಕಿರಲಿ. ಟಿವಿ ಸದ್ದು ತಗ್ಗಿಸಿ. ರಾತ್ರಿ ದೀಪ ಆರಿದ ಮೇಲೆ ಹುಲ್ಲು ಮುರಿಯುವ ಸದ್ದು ಕೇಳಿದರೆ ಅರ್ಧ ಗೆದ್ದಂತೆ. ಬೆಳಿಗ್ಗೆ ಹಿಕ್ಕೆ ನೋಡಿ: ಗಟ್ಟಿಯಾಗಿ, ಉದ್ದುದ್ದನೆಯ ಕಾಳಿನಂತೆ ಒಂದೇ ಅಳತೆಯಲ್ಲಿದ್ದರೆ ಕರುಳು ಸರಿಯಾಗಿದೆ. ಮೆತ್ತನೆಯ ಕೆಲವು ಹಿಕ್ಕೆಗಳನ್ನು ಅದು ಮತ್ತೆ ತಿನ್ನುವುದು ಸಹಜ, ಪೋಷಕಾಂಶ ಪಡೆಯುವ ಅದರ ದಾರಿ ಅದು. ತಡೆಯಬೇಡಿ. ಹನ್ನೆರಡು ಗಂಟೆಯಾದರೂ ಏನೂ ತಿಂದಿಲ್ಲ, ಹಿಕ್ಕೆಯೂ ಇಲ್ಲ ಎಂದಾದರೆ ವೈದ್ಯರಿಗೆ ಫೋನ್ ಮಾಡಿ.

ಮೂರು–ನಾಲ್ಕು ದಿನ ಕಳೆದ ಮೇಲೆ ಪಂಜರದ ಪಕ್ಕ ನೆಲದ ಮೇಲೆ ಕುಳಿತು ಕೊತ್ತಂಬರಿ ಕಡ್ಡಿಯ ತುದಿ ಹಿಡಿಯಿರಿ. ಕತ್ತು ಮಾತ್ರ ಚಾಚಿ, ಹಿಂಗಾಲು ಇದ್ದಲ್ಲೇ ಊರಿ, ಎಲೆ ಕಿತ್ತುಕೊಂಡು ಓಡುತ್ತದೆ. ಮಾರನೆಯ ದಿನ ಒಂದು ಹೆಜ್ಜೆ ಹತ್ತಿರ. ಮೇಲಿನಿಂದ ಕೈ ಹಾಕಬೇಡಿ, ಅದಕ್ಕೆ ಹದ್ದಿನ ನೆನಪಾಗುತ್ತದೆ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಮಕ್ಕಳು ನೆಲದ ಮೇಲೆ ಕುಳಿತೇ ತೊಡೆಯ ಮೇಲೆ ಇಟ್ಟುಕೊಳ್ಳಲಿ. ಸೊಂಟದೆತ್ತರದಿಂದ ಜಾರಿದರೂ ಕಾಲು, ಹಲ್ಲು ಮುರಿಯುತ್ತವೆ.

ಫ್ರಿಜ್ ಬಾಗಿಲು ತೆರೆದ ಸದ್ದಿಗೆ "ವೀಕ್ ವೀಕ್" ಎಂದು ಕೂಗಲು ತೊಡಗಿದರೆ ನಿಮ್ಮನ್ನು ಊಟದವರೆಂದು ಗುರುತಿಸಿದೆ. ನಿಂತಲ್ಲೇ ಚಿಮ್ಮಿ ಹಾರಿದರೆ ಸಂತೋಷ. ಹಲ್ಲು ಕಟಕಟಿಸಿದರೆ ಸಿಟ್ಟು, ಆಗ ಕೈ ಹಿಂದೆಗೆಯಿರಿ.

ಮನೆಯಲ್ಲಿ ಮೊದಲೇ ಗಿನಿಪಿಗ್ ಇದ್ದರೆ ಹೊಸದನ್ನು ಎರಡು–ಮೂರು ವಾರ ಬೇರೆ ಕೋಣೆಯಲ್ಲಿಡಿ. ಹಳೆಯದರ ಕೆಲಸ ಮುಗಿಸಿ ಹೊಸದರ ಹತ್ತಿರ ಹೋಗಿ, ನಡುವೆ ಕೈ ತೊಳೆಯಿರಿ.

ಹೆಜ್ಜೆ 7: ತಕ್ಕಡಿ ಹೇಳುವುದನ್ನು ಕೇಳಿ

ನೋವು ಬಚ್ಚಿಡುವ ಪ್ರಾಣಿಯ ಗುಟ್ಟು ಹೊರಹಾಕುವುದು ತೂಕ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಆಳವಾದ ಸ್ಟೀಲ್ ಡಬ್ಬಿ ಇಟ್ಟು, ಸೊನ್ನೆಗೆ ತಂದು, ತಳಕ್ಕೆ ತುಂಡು ಬಟ್ಟೆ ಹಾಸಿ ಮತ್ತೆ ಸೊನ್ನೆ ಮಾಡಿ. ಪ್ರಾಣಿಯನ್ನು ಇಳಿಸಿ ಒಂದೆಳೆ ಗರಿಕೆ ಕೊಡಿ. ಅದು ತಿನ್ನುವಷ್ಟರಲ್ಲಿ ಅಂಕಿ ನಿಲ್ಲುತ್ತದೆ. ಕ್ಯಾಲೆಂಡರ್‌ನಲ್ಲಿ ಬರೆಯಿರಿ. 20–30 ಗ್ರಾಂ ಏರಿಳಿತ ಮಾಮೂಲು. ಬೆಳೆದ ಪ್ರಾಣಿ 50–60 ಗ್ರಾಂ ಇಳಿದರೆ ದಿನವೂ ತೂಗಿ. ನೂರರ ಹತ್ತಿರ ಹೋದರೆ ಆ ದಿನವೇ ವೈದ್ಯರು.

ತೂಗುವಾಗಲೇ ಮುಂದಿನ ಹಲ್ಲು, ಅಂಗಾಲು, ಹಿಂಭಾಗ ನೋಡಿ. ಉಗುರನ್ನು ತಿಂಗಳಿಗೊಮ್ಮೆ ಕತ್ತರಿಸಿ, ಒಳಗಿನ ಗುಲಾಬಿ ರಕ್ತನಾಳಕ್ಕೆ ತಾಗಿಸಬೇಡಿ. ಸ್ನಾನ ಮಾಡಿಸುವ ಅಭ್ಯಾಸ ಬೇಡ.

ತಡಮಾಡಬಾರದ ಲಕ್ಷಣಗಳು

ಊಟ ಬಿಡುವುದು, ಹಿಕ್ಕೆ ನಿಲ್ಲುವುದು, ಭೇದಿ, ಹೊಟ್ಟೆ ಡೋಲಿನಂತೆ ಉಬ್ಬುವುದು, ಮೂತ್ರದಲ್ಲಿ ರಕ್ತ ಅಥವಾ ಮೂತ್ರ ಮಾಡುವಾಗ ಕೂಗುವುದು, ಬಾಯಿ ತೆರೆದು ಉಸಿರಾಡುವುದು, ತಲೆ ಒಂದು ಕಡೆ ವಾಲುವುದು. ಇವುಗಳಲ್ಲಿ ಯಾವುದಕ್ಕೂ ನಾಳೆ ನೋಡೋಣ ಎನ್ನುವಂತಿಲ್ಲ. ಮೆಡಿಕಲ್ ಶಾಪಿನ ಮಾತ್ರೆ, ನಾಯಿಯ ಔಷಧದ ಉಳಿಕೆ ಕೊಡಬೇಡಿ. ಹೊಟ್ಟೆ ಉಬ್ಬಿಲ್ಲವಾದರೆ, ವೈದ್ಯರನ್ನು ಕೇಳಿಕೊಂಡು, ಪೆಲೆಟ್ ನೆನೆಸಿ ಅರೆದ ತೆಳು ಗಂಜಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಹನಿಹನಿಯಾಗಿ ಕುಡಿಸಬಹುದು. ಒಂದು ಎಂ.ಎಲ್. ಸಿರಿಂಜುಗಳು ನಾಲ್ಕು, ಒಂದು ಪೊಟ್ಟಣ ಪೆಲೆಟ್, ಒಯ್ಯುವ ಪಂಜರ ಸದಾ ಒಂದೇ ಕಡೆ ಇರಲಿ. ಆಸ್ಪತ್ರೆಗೆ ಹೋಗುವಾಗ ಜೊತೆಗಾರನನ್ನೂ ಕರೆದೊಯ್ಯಿರಿ, ತೂಕ ಬರೆದ ಕ್ಯಾಲೆಂಡರ್ ಹಾಳೆಯನ್ನೂ ಒಯ್ಯಿರಿ.

ಊರಿಗೆ, ಜಾತ್ರೆಗೆ, ಮದುವೆಗೆ ಹೊರಡುವ ಮುನ್ನ ನೋಡಿಕೊಳ್ಳುವವರನ್ನು ಗೊತ್ತು ಮಾಡಿ. ಎರಡು ದಿನದ ಹುಲ್ಲು ಹಾಕಿ ಬೀಗ ಜಡಿಯುವಂತಿಲ್ಲ. ಬರುವವರಿಗೆ ಒಂದು ದಿನ ಮೊದಲೇ ಮನೆಗೆ ಕರೆದು ಹುಲ್ಲು ಎಲ್ಲಿದೆ, ನೀರಿನ ಬಾಟಲಿಯ ಗುಂಡು ಹೇಗೆ ಒತ್ತಿ ನೋಡಬೇಕು, ಫ್ರೀಜರ್‌ನ ಬಾಟಲಿಗಳನ್ನು ಯಾವ ಹೊತ್ತಿಗೆ ಬದಲಿಸಬೇಕು ಎಂದು ಮಾಡಿ ತೋರಿಸಿ. ಬೆಳಿಗ್ಗೆ, ಸಂಜೆ ಪಂಜರದ ಒಂದು ಫೋಟೊ, ಹಿಕ್ಕೆಯ ಒಂದು ಫೋಟೊ ಕಳಿಸಲು ಹೇಳಿ. ವೈದ್ಯರ ಸಂಖ್ಯೆಯನ್ನು ಅವರ ಮೊಬೈಲ್‌ನಲ್ಲಿ ನೀವೇ ಸೇವ್ ಮಾಡಿಕೊಟ್ಟು ಹೊರಡಿ.